ಹನ್ನೊಂದು ಮೊಟ್ಟೆ, ಒಂದು ಚಿಲಕ

ಮೊಟ್ಟೆಯೊಳಗಿನಿಂದ ಪಿಳ್ಳೆ ಕೂಗುವುದನ್ನು ನಾನು ಮೊದಲು ಕೇಳಿದ್ದು ನನ್ನ 48ನೆಯ ವಯಸ್ಸಿನಲ್ಲಿ. ಮದ್ದೂರಿನ ಹತ್ತಿರದ ಹಳ್ಳಿಯಲ್ಲೇ ಹುಟ್ಟಿದವನು, ಅಂಗಳದ ತುಂಬ ಕೋಳಿ ಓಡಾಡುತ್ತಿದ್ದ ಮನೆಯಲ್ಲೇ ಬೆಳೆದವನು. ಆದರೂ ಕಾವು ಕೂತ ಹೇಟೆಯ ಹತ್ತಿರ ಹುಡುಗರನ್ನು ಯಾರೂ ಬಿಡುತ್ತಿರಲಿಲ್ಲ. ಇಪ್ಪತ್ತು ವರ್ಷ ಮೈಸೂರಿನಲ್ಲಿ ಲೆಕ್ಕ ಬರೆದು ಊರಿಗೆ ಮರಳಿದ ಮೇಲೆ, ಮನೆಯ ಹಿಂದಿನ ಎಂಟು ಗುಂಟೆ ಹಿತ್ತಲಿನಲ್ಲಿ ನಾಟಿ ಕೋಳಿಯನ್ನೂ ಎರಡು ಸೀಮೆಹಂದಿಯನ್ನೂ ಸಾಕಲು ಹೊರಟೆ. ಕೋಳಿ ಎಂದಾಗ ಅಮ್ಮ ಹಿಗ್ಗಿದಳು. ಹಂದಿ ಎಂದಾಗ ಎರಡು ದಿನ ಮಾತು ಬಿಟ್ಟಳು.

ಪಕ್ಕದ ಮನೆಯ ಅಣ್ಣ ಮಾತು ಬಿಡಲಿಲ್ಲ, ನೇರವಾಗಿ ಜಗಳಕ್ಕೇ ಬಂದರು. ಅವರದು ಬರೀ ನಾತದ ತಕರಾರಲ್ಲ. ನಮ್ಮ ಜಿಲ್ಲೆಗೆ ಮೆದುಳು ಜ್ವರದ ಹೆಸರು ಹೊಸತೇನಲ್ಲ. ಗದ್ದೆಯ ನಿಂತ ನೀರಿನಲ್ಲಿ ಹುಟ್ಟುವ ಸೊಳ್ಳೆ ಹಂದಿಯನ್ನು ಕಚ್ಚಿ ಆಮೇಲೆ ಮನುಷ್ಯನನ್ನು ಕಚ್ಚುತ್ತದೆ. ಹಂದಿಯ ಮೈಯಲ್ಲಿ ಆ ಜ್ವರದ ವೈರಾಣು ನೂರ್ಮಡಿ ಬೆಳೆದರೂ ಹಂದಿ ಸಾಮಾನ್ಯವಾಗಿ ಗೆಲುವಾಗಿಯೇ ಇರುತ್ತದೆ. ಬೆಳ್ಳಕ್ಕಿಗಳ ಮೈಯಲ್ಲೂ ಆ ವೈರಾಣು ಬೆಳೆಯುತ್ತದೆ ಎಂದು ನಾನು ವಾದಿಸಿದೆ. "ಬೆಳ್ಳಕ್ಕಿಯನ್ನು ನಾನೇನು ಕಟ್ಟಿ ಸಾಕಿದ್ದೇನೆಯೇ?" ಎಂದರು. ಉತ್ತರ ಹೊಳೆಯಲಿಲ್ಲ. ಹಂದಿಗೂಡನ್ನು ಹಿತ್ತಲಿನ ತುತ್ತತುದಿಗೆ ತಳ್ಳಿ, ಸುತ್ತ ಸೊಳ್ಳೆಪರದೆ ಬಿಗಿದು, ನೀರು ನಿಲ್ಲದಂತೆ ಇಳಿಜಾರಿನ ಸಿಮೆಂಟ್ ನೆಲ ಹಾಕಿಸಿದೆ. ತೊಳೆದ ನೀರು ನೇರ ಬಾಳೆಯ ಬುಡಕ್ಕೆ. ಹೆದ್ದಾರಿಯ ಹೋಟೆಲಿನಿಂದ ತರುತ್ತಿದ್ದ ಮುಸುರೆಯನ್ನು ಕುದಿಸದೆ ಹಾಕಬಾರದು, ಹಂದಿಗಳಿಗೆ ಮಾತ್ರ ತಗಲುವ ಹಂದಿಜ್ವರ ಅದರಿಂದ ಬರುತ್ತದೆ ಎಂದು ಪಶುವೈದ್ಯರು ಗದರಿದ್ದರು. ಹಾಗಾಗಿ ದಿನಾ ಸಂಜೆ ಹಳೆಯ ನೀರೊಲೆಯ ಮೇಲೆ ಹಂಡೆ. ಇಷ್ಟೆಲ್ಲ ಮಾಡಿದ ಮೇಲೂ ಅಣ್ಣ ಬೇಲಿಯ ಆಚೆಯಿಂದ ಕಣ್ಣಿಟ್ಟೇ ಇದ್ದರು.

ಏಪ್ರಿಲ್‌ನಲ್ಲಿ ಕೆಂದ ಹೇಟೆ ಕಾವಿಗೆ ಕೂತಿತು. ಮೊಟ್ಟೆ ಬೆಸ ಸಂಖ್ಯೆಯಲ್ಲಿರಬೇಕು ಎಂದು ಅಮ್ಮ ಹದಿಮೂರು ಇಟ್ಟಳು. ಮಂಕರಿಯ ತಳಕ್ಕೆ ಬೂದಿ, ಮೇಲೆ ಭತ್ತದ ಹುಲ್ಲು, ಒಂದು ಮೂಲೆಯಲ್ಲಿ ಇದ್ದಿಲ ಚೂರು, ತುಕ್ಕು ಹಿಡಿದ ಮೊಳೆ. ಗುಡುಗಿಗೆ ಮೊಟ್ಟೆ ಕೆಡದಿರಲು ಅದು ಬೇಕಂತೆ. ನಾನು ನಕ್ಕೆ. ಆದರೆ ಮಳೆ ಗುಡುಗಿದ ರಾತ್ರಿ ಎದ್ದು ಹೋಗಿ ಮೊಳೆ ಇದ್ದಲ್ಲೇ ಇದೆಯೇ ಎಂದು ನೋಡಿ ಬಂದೆ. ಏಳನೆಯ ರಾತ್ರಿ ಮೊಬೈಲಿನ ಬೆಳಕಿಗೆ ಒಂದೊಂದೇ ಮೊಟ್ಟೆ ಹಿಡಿದಾಗ, ಹನ್ನೊಂದರಲ್ಲಿ ಜೇಡನ ಬಲೆಯಂಥ ಕೆಂಪು ನರಗಳು ಕಂಡವು; ಎರಡು ಮಾತ್ರ ನೀರಿನಂತೆ ತಿಳಿಯಾಗಿದ್ದವು. ಗೊಡ್ಡು. ಅವೆರಡನ್ನು ತೆಗೆದೆವು. ಮುಂಗುಸಿ ನುಗ್ಗದಂತೆ ಮಂಕರಿಯ ಸುತ್ತ ತಂತಿಬಲೆ, ಹದ್ದಿಗೆ ಹೆದರಿ ಮೇಲೊಂದು ಹಳೆಯ ಸೀರೆ. ಕಾವಲಿನಲ್ಲಿ ಏನೂ ಕಡಿಮೆ ಮಾಡಲಿಲ್ಲ.

21ನೆಯ ದಿನ ಬೆಳಗ್ಗೆ ಹಂದಿಗಳಿಗೆ ಕಲಗಚ್ಚು ಸುರಿಯುತ್ತಿದ್ದೆ. "ಬಾರೋ ಇಲ್ಲಿ, ಕೇಳು" ಎಂದು ಅಮ್ಮ ಕೂಗಿದಳು. ಬಕೆಟ್ ಅಲ್ಲೇ ಇಟ್ಟು ಓಡಿದೆ. ಅಮ್ಮ ಒಂದು ಮೊಟ್ಟೆಯನ್ನು ನನ್ನ ಕಿವಿಗೆ ಹಿಡಿದಳು. ಒಳಗೆ ಸಣ್ಣ ಚೀತ್ಕಾರ, ಆಮೇಲೆ ಟಕ್, ಟಕ್. ಹೇಟೆ ಗಂಟಲಿನ ತಳದಿಂದ ಗುಟುಗುಟು ಎನ್ನುತ್ತ ಅದಕ್ಕೆ ಉತ್ತರ ಕೊಡುತ್ತಿತ್ತು. ಇನ್ನೊಂದರಲ್ಲಿ ಸಾಸಿವೆ ಕಾಳಿನಷ್ಟು ತೂತು ಬಿದ್ದು, ಅದರಲ್ಲಿ ಕೊಕ್ಕಿನ ತುದಿಯ ಬಿಳಿ ಮೊನೆ ಆಡುತ್ತಿತ್ತು. ಆ ಹೊತ್ತಿಗೆ ಆರು ಹೊರಬಂದಿದ್ದವು. ಮೈ ಆರಿದ ನಾಲ್ಕನ್ನು ಅಮ್ಮ ಮೊರದಲ್ಲಿಟ್ಟು ಬಟ್ಟೆ ಮುಚ್ಚಿ ಒಲೆಯ ಪಕ್ಕಕ್ಕೆ ಒಯ್ದಿದ್ದಳು, ತಾಯಿಯ ಕಾಲಡಿ ಸಿಕ್ಕದಿರಲೆಂದು. ಇನ್ನೆರಡು ಒದ್ದೆ ಮುದ್ದೆಗಳು ಹೇಟೆಯ ರೆಕ್ಕೆಯಡಿ ಇದ್ದವು. ಕಾಫಿ ಕುಡಿದು ಬರೋಣ ಎಂದು ಇಬ್ಬರೂ ಒಳಗೆ ಹೋದೆವು.

ಹಂದಿಗೂಡಿನ ಚಿಲಕ ನಾನು ಹಾಕಿರಲಿಲ್ಲ.

ಹೇಟೆಯ ಕೂಗು ಕೇಳಿ ಲೋಟ ಬಿಸಾಕಿ ಓಡಿದಾಗ ಗಂಡುಹಂದಿ ತಂತಿಬಲೆಯನ್ನು ಮೂತಿಯಿಂದ ಎತ್ತಿ ಮಂಕರಿಯನ್ನು ಮಗುಚಿ ಹಾಕಿತ್ತು. ಐವತ್ತು ಕಿಲೋ ದಾಟಿದ ಪ್ರಾಣಿ. ಹೇಟೆ ಅದರ ಮುಖಕ್ಕೇ ಹಾರಿ ಹಾರಿ ಕುಕ್ಕುತ್ತಿತ್ತು. ಅದು ಕಿವಿ ಒದರಿಕೊಂಡು ಚಿಪ್ಪಿನ ಸಮೇತ ಅಗಿಯುತ್ತಿತ್ತು. ಅಮ್ಮ ತೆಂಗಿನ ಪೊರಕೆಯಿಂದ ಬಡಿದಳು, ನಾನು ಕಿವಿ ಹಿಡಿದು ಎಳೆದೆ. ಅದಕ್ಕೆ ಸಿಟ್ಟೂ ಇರಲಿಲ್ಲ, ಅವಸರವೂ ಇರಲಿಲ್ಲ. ಐದು ಮೊಟ್ಟೆ, ಎರಡು ಪಿಳ್ಳೆ. ಹುಲ್ಲಿನ ಮೇಲೆ ಚಿಪ್ಪಿನ ಚೂರು, ಇದ್ದಿಲು, ಮೊಳೆ ಉಳಿದಿದ್ದವು.

ಅಮ್ಮ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಒಲೆಯ ಪಕ್ಕದ ನಾಲ್ಕನ್ನು ಸೆರಗಿನಲ್ಲಿ ತಂದು ಹೇಟೆಯ ಮುಂದೆ ಬಿಟ್ಟಳು. ಅದು ಅನುಮಾನದಿಂದ ಒಂದು ಸುತ್ತು ಹಾಕಿ, ಆಮೇಲೆ ರೆಕ್ಕೆ ಹರಡಿ ಕೂತಿತು.

ಆರನೆಯ ದಿನ ಕೋಳಿಗಳಿಗೆ ಬರುವ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ. ನನಗೆ ಸಿಕ್ಕ ಸೀಸೆ ತೆರೆದರೆ ನೂರು ಪಿಳ್ಳೆಗಾಗುತ್ತದೆ, ಒಂದೆರಡು ಗಂಟೆಯೊಳಗೆ ಮುಗಿಸಬೇಕು, ಮಿಕ್ಕಿದ್ದು ದಂಡ. ನಾಲ್ಕೇ ನಾಲ್ಕು ಕೋಳಿಯವನಿಗೂ ಅದೇ ನೂರರ ಸೀಸೆ. ಇದನ್ನು ಹಿತ್ತಲಿನಲ್ಲಿ ಕೋಳಿ ಸಾಕುವವರನ್ನು ನೆನೆದು ಮಾಡಿದ್ದಲ್ಲ. ಮಂಜುಗಡ್ಡೆ ತುಂಬಿದ ಫ್ಲಾಸ್ಕಿನಲ್ಲಿ ತಂದು ಬೀದಿಗೆಲ್ಲ ಹೇಳಿ ಕಳಿಸಿದೆ. ಮೊರದಲ್ಲಿ, ಬುಟ್ಟಿಯಲ್ಲಿ, ಒಬ್ಬ ಹುಡುಗ ಅಂಗಿಯ ಜೇಬಿನಲ್ಲಿ, ಎಲ್ಲ ಸೇರಿ 31 ಪಿಳ್ಳೆ ಬಂದವು. ಅಮ್ಮ ಒಂದೊಂದನ್ನೂ ಅಂಗೈಯಲ್ಲಿ ಮಲಗಿಸಿ ತಲೆ ಓರೆ ಮಾಡಿ ಹಿಡಿಯುತ್ತಿದ್ದಳು. ನಾನು ಕಣ್ಣಿಗೆ ಒಂದು ಹನಿ ಬಿಟ್ಟು, ಅದು ರೆಪ್ಪೆ ಮಿಟುಕಿಸುವವರೆಗೆ ಕಾಯುತ್ತಿದ್ದೆ.

ಕೊನೆಗೆ ಪಕ್ಕದ ಮನೆಯ ಅಣ್ಣ ಬಂದರು, ಬುಟ್ಟಿಯಲ್ಲಿ ಒಂಬತ್ತು. ಹನಿ ಹಾಕಿಸಿಕೊಂಡು ಹಿತ್ತಲಿನ ತುದಿಯವರೆಗೂ ನಡೆದು, ನಾನು ಹೊಸದಾಗಿ ಹಾಕಿಸಿದ ಎರಡನೆಯ ಚಿಲಕವನ್ನು ಎಳೆದು ನೋಡಿದರು.

"ಕೆಳಗೊಂದು ಹಾಕಿಸಪ್ಪ," ಎಂದರು. "ಇದು ಮೂತಿಯಿಂದ ಎತ್ತುವ ಪ್ರಾಣಿ."