ಮಳೆಗಾಲದಲ್ಲಿ ಪೇಪರ್ ಮ್ಯಾಶೆ? ಮೆಂತ್ಯ ನೆನೆಹಾಕಿ

ಮಕ್ಕಳ ಜೊತೆ ಪೇಪರ್ ಮ್ಯಾಶೆ, ಅಂದರೆ ಕಾಗದಕ್ಕೆ ಅಂಟು ಸೇರಿಸಿ ಬುಟ್ಟಿ, ಬೊಂಬೆ ಮಾಡೋದು ಹೇಗೆ ಅಂತ ಯೂಟ್ಯೂಬ್‌ನಲ್ಲಿ ನೂರೆಂಟು ವಿಡಿಯೋ ಇವೆ. ಬಲೂನ್ ಊದುತ್ತಾರೆ, ಪೇಪರ್ ಪಟ್ಟಿ ಅಂಟಿಸುತ್ತಾರೆ, ಒಂದು ದಿನ ಒಣಗಲು ಬಿಡಿ ಅಂತಾರೆ. ಜುಲೈನಲ್ಲಿ ಮೂಡಿಗೆರೆ ಕಡೆ ಬಂದು ಈ ಮಾತು ಹೇಳಿ ನೋಡೋಣ! ಒಗೆದ ಬಟ್ಟೆಯೇ ವಾರಗಟ್ಟಲೆ ಒಣಗದ ಊರು ನಮ್ಮದು.

ಆದರೆ ಮಕ್ಕಳು ಮನೆಯಲ್ಲಿ ಇರೋದೂ ಆಗಲೇ ಅಲ್ವಾ. ಡಿಸಿ ಮಳೆ ರಜೆ ಕೊಟ್ಟರೆ ಬೆಳಗ್ಗೆ ಹತ್ತಕ್ಕೇ ಬೇಜಾರು ಅಂತ ಶುರು.

ನನ್ನ ಪ್ರಕಾರ ಇದಕ್ಕೆ ನಮ್ಮ ಅಜ್ಜಿಯರ ದಾರಿಯೇ ಸರಿ. ಹಳೇ ಮೊರ, ಬಿದಿರು ಬುಟ್ಟಿ ಸಂದು ಬಿಟ್ಟರೆ ಅವರು ಎಸೆಯುತ್ತಿರಲಿಲ್ಲ. ಪೇಪರ್ ನೆನೆಸಿ, ಮೆಂತ್ಯದ ಜೊತೆ ರುಬ್ಬಿ ಮೆತ್ತುತ್ತಿದ್ದರು. ನೆನೆದ ಮೆಂತ್ಯದ ಲೋಳೆಯೇ ಅಂಟು. ಕಾಶ್ಮೀರದಲ್ಲೂ ಕಾಗದ ನೆನೆಸಿ ಕುಟ್ಟಿ, ಅಕ್ಕಿ ಗಂಜಿ ಬೆರೆಸಿ ಅಚ್ಚಿನ ಮೇಲೆ ಮೆತ್ತುತ್ತಾರೆ. ಅಲ್ಲಿ ಆಕಾರ ಕೊಡೋದು ಸಖ್ತಸಾಜಿ, ಬಣ್ಣದ ಕೆಲಸ ನಕ್ಕಾಶಿ, ಎರಡಕ್ಕೂ ಬೇರೆ ಬೇರೆ ಜನ. ನಮ್ಮ ಮನೆಯಲ್ಲೂ ಹಾಗೇ ಆಗಿದೆ. ಚಿಕ್ಕವನಿಗೆ ಕಲಸೋದು ಇಷ್ಟ, ದೊಡ್ಡವಳು ಬ್ರಷ್ ಬಿಟ್ಟು ಬೇರೇನೂ ಮುಟ್ಟಲ್ಲ.

ನ್ಯೂಸ್ ಪೇಪರನ್ನೇ ತಗೊಳ್ಳಿ, ಮಿರಮಿರ ಮಿಂಚೋ ಮ್ಯಾಗಜೀನ್ ಹಾಳೆ ಸರಿಯಾಗಿ ನೆನೆಯಲ್ಲ. ಕತ್ತರಿ ಬೇಡ, ಕೈಯಲ್ಲೇ ಹರಿಯಲಿ, ಹರಿದ ಅಂಚಿನ ನಾರು ಬೇಗ ಬಿಡಿಸಿಕೊಳ್ಳುತ್ತೆ, ಮಕ್ಕಳಿಗೂ ಪೇಪರ್ ಹರಿಯೋಕೆ ಪರ್ಮಿಷನ್ ಸಿಕ್ಕಿದ ಖುಷಿ. ರಾತ್ರಿಯಿಡೀ ನೆನೆಸಿ, ನೀರು ಜಾಸ್ತಿ ಹಾಕಿ ಸ್ವಲ್ಪ ಸ್ವಲ್ಪವೇ ಮಿಕ್ಸಿಗೆ ಹಾಕಿ. ಮಿಕ್ಸಿ ದೊಡ್ಡವರ ಕೆಲಸ. ಆಮೇಲೆ ಬಟ್ಟೆಯಲ್ಲಿ ಕಟ್ಟಿ ಚೆನ್ನಾಗಿ ಹಿಂಡಿ. ಇಲ್ಲಿ ಹಿಂಡಿದಷ್ಟೂ ಮುಂದೆ ಒಣಗೋ ಕಷ್ಟ ಕಮ್ಮಿ. ನೆನೆಸಿ ನುಣ್ಣಗೆ ರುಬ್ಬಿದ ಮೆಂತ್ಯ ಸೇರಿಸಿ ಚಪಾತಿ ಹಿಟ್ಟಿನ ಹದಕ್ಕೆ ನಾದಿ. ಸ್ಟೀಲ್ ಬೋಗುಣಿ ಬೋರಲು ಹಾಕಿ, ಪ್ಲಾಸ್ಟಿಕ್ ಕವರ್ ಹೊದಿಸಿ, ಅದರ ಮೇಲೆ ತೆಳ್ಳಗೆ ತಟ್ಟಿ. ದಪ್ಪ ತಟ್ಟಿದರೆ ಮೇಲೆ ಒಣಗಿದ ಹಾಗೆ ಕಾಣುತ್ತೆ, ಒಳಗೆ ಬೂಸ್ಟು ಹಿಡಿಯುತ್ತೆ.

ಗೋಡೆಗೆ ಪೋಸ್ಟರ್ ಅಂಟಿಸೋರು ಮೈದಾ ಅಂಟಿಗೆ ಮೈಲುತುತ್ತ (ಕಾಪರ್ ಸಲ್ಫೇಟ್) ಹಾಕೋದುಂಟು, ಹುಳ ಬರಬಾರದು ಅಂತ. ಅಡಿಕೆಗೆ ಬೋರ್ಡೋ, ಅಂದರೆ ಮೈಲುತುತ್ತ-ಸುಣ್ಣದ ದ್ರಾವಣ ಹೊಡೆಯೋ ಮನೆಗಳಲ್ಲಿ ಅದು ಮೂಲೆಯಲ್ಲೇ ಇರುತ್ತೆ, ಸುಲಭವಾಗಿ ಕೈಗೆ ಸಿಗುತ್ತೆ. ದಯವಿಟ್ಟು ಬೇಡ, ಅದು ವಿಷ. ಮಕ್ಕಳ ಬೆರಳು ಬಾಯಿಗೆ ಹೋಗೋದು ಎಷ್ಟು ಹೊತ್ತು?

ಇನ್ನು ಒಣಗಿಸೋದು. ಬಚ್ಚಲ ಒಲೆ ಇದ್ದರೆ ಅದರ ಮೇಲಿನ ಅಟ್ಟದಷ್ಟು ಒಳ್ಳೇ ಜಾಗ ಇನ್ನೊಂದಿಲ್ಲ, ಸ್ವಲ್ಪ ಹೊಗೆ ಬಣ್ಣ ಬರುತ್ತೆ ಅಷ್ಟೇ. ಇಲ್ಲದವರು ಫ್ಯಾನ್ ಕೆಳಗೆ ಇಟ್ಟು, ಮೇಲ್ಮೈ ಗಟ್ಟಿಯಾದ ಕೂಡಲೇ ಬೋಗುಣಿ ತೆಗೆದುಬಿಡಿ, ಒಳಗಡೆಗೂ ಗಾಳಿ ಬೇಕು. ದೊಡ್ಡ ಮುಖವಾಡ, ಆನೆ, ಡೈನೋಸಾರ್ ಆಸೆಗಳನ್ನೆಲ್ಲ ಡಿಸೆಂಬರ್‌ಗೆ ಮುಂದೂಡಿ. ಕಣದಲ್ಲಿ ಕಾಫಿ ಒಣಗೋ ಬಿಸಿಲಲ್ಲಿ ಇವೂ ಒಣಗುತ್ತವೆ.

ತೂಕ ಹಗುರಾಗಿ, ತಟ್ಟಿದರೆ ಟಕಟಕ ಅನ್ನೋವರೆಗೂ ಬಣ್ಣ ಬೇಡ. ಚಾಕ್ ಪುಡಿಗೆ ಫೆವಿಕಾಲ್ ಕಲಸಿ ಒಂದು ಕೈ ಬಳಿದರೆ ಪೋಸ್ಟರ್ ಕಲರ್ ಚೆನ್ನಾಗಿ ಕೂರುತ್ತೆ. ಈ ಬುಟ್ಟಿಯಲ್ಲಿ ಬೆಳ್ಳುಳ್ಳಿ, ಪೆನ್ಸಿಲ್, ಹೇರ್ ಕ್ಲಿಪ್ ಇಡಬಹುದು. ಹಸಿ ತರಕಾರಿ ಮಾತ್ರ ಬೇಡ.