18 ಜೂನ್ 2024, ದಾವಣಗೆರೆ: ಸುಮಾಳ ಪ್ರಶ್ನೆ

ಸೋಂಕು ರೋಗಗಳ ಸಂಶೋಧನೆಗೆ ಹೊರಟವರು ಬ್ಯಾಕ್ಟೀರಿಯಾದ ದಾರಿಯನ್ನೋ ವೈರಸ್ಸಿನ ದಾರಿಯನ್ನೋ ಮೊದಲೇ ಆರಿಸಿಕೊಂಡು ಕೊನೆಯವರೆಗೂ ಅದರಲ್ಲೇ ನಡೆಯಬೇಕೇ? ಇಂದು ಸಂಜೆ ಸುಮಾ ಕೇಳಿ ಹೋದ ಪ್ರಶ್ನೆ ಇದು. ದಾವಣಗೆರೆ ವಿಶ್ವವಿದ್ಯಾಲಯದ ಶಿವಗಂಗೋತ್ರಿಯಲ್ಲಿ ಎಂ.ಎಸ್ಸಿ. ಮಾಡುವಾಗ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳ ಬೆನ್ನು ಹತ್ತಿದ್ದ ಅವಳಿಗೆ ಈಗ ಮಂಗನ ಕಾಯಿಲೆಯ ವೈರಸ್ ಕುರಿತು ಪಿಎಚ್.ಡಿ. ಮಾಡುವ ಅವಕಾಶ ದೊರೆತಿದೆ. ಸಂತೋಷದಿಂದ ಹೇಳಬೇಕಾದ ಸುದ್ದಿಯನ್ನು ಅವಳು ಅಳುಕುತ್ತಲೇ ಹೇಳಿದಳು.

“ಸರ್, ಇಷ್ಟು ದಿನ ಕಲ್ಚರ್ ಪ್ಲೇಟ್ ಹಿಡಿದು ಕಲಿತದ್ದೆಲ್ಲ ವ್ಯರ್ಥವಾಗುವುದಿಲ್ಲವೇ? ಬ್ಯಾಕ್ಟೀರಿಯಾದ ಹಾಗೆ ವೈರಸ್ ಪ್ಲೇಟಿನ ಅಗರ್ ಲೋಳೆಯ ಮೇಲೆ ಬೆಳೆಯುವುದೇ ಇಲ್ಲವಲ್ಲ.”

“ವ್ಯರ್ಥ ಯಾಕಾಗುತ್ತದಮ್ಮ?” ಎಂದು ನಾನು ಶಂಭುನಾಥ ದೇ ಅವರ ವಿಷಯ ತೆಗೆದೆ. ಜರ್ಮನಿಯ ವಿಜ್ಞಾನಿ ರಾಬರ್ಟ್ ಕಾಕ್ 1884ರಲ್ಲಿ ಕಲ್ಕತ್ತೆಯಲ್ಲಿ ಕಾಲರಾ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ, ಅದು ಯಾವುದೋ ವಿಷವನ್ನು ಸ್ರವಿಸುತ್ತಿರಬೇಕೆಂದು ಊಹಿಸಿದ್ದರು. ಆ ವಿಷವನ್ನು ತೋರಿಸಿಕೊಡಲು ಮುಕ್ಕಾಲು ಶತಮಾನವೇ ಹಿಡಿಯಿತು. ತೋರಿಸಿದವರು ಅದೇ ಊರಿನ ವೈದ್ಯಕೀಯ ಕಾಲೇಜಿನಲ್ಲಿ ರೋಗಶಾಸ್ತ್ರ ಕಲಿಸುತ್ತಿದ್ದ ದೇ ಅವರು. ಮೊಲದ ಸಣ್ಣ ಕರುಳಿನ ಒಂದು ಭಾಗವನ್ನು ಎರಡು ಕಡೆ ದಾರದಿಂದ ಕಟ್ಟಿ, ನಡುವೆ ಕಾಲರಾ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ಚುಚ್ಚಿದರೆ ಅಲ್ಲಿ ನೀರು ತುಂಬಿ ಕರುಳು ಉಬ್ಬುತ್ತದೆ ಎಂಬುದನ್ನು ಅವರು 1953ರಲ್ಲಿ ಪ್ರಕಟಿಸಿದರು. ಬ್ಯಾಕ್ಟೀರಿಯಾಗಳನ್ನೆಲ್ಲ ಸೋಸಿ ತೆಗೆದ ಮೇಲೆ ಉಳಿಯುವ ದ್ರವವೊಂದೇ ಕರುಳನ್ನು ಹಾಗೆ ಉಬ್ಬಿಸಬಲ್ಲದು ಎಂದು 1959ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ದುಬಾರಿ ಯಂತ್ರಗಳನ್ನು ನೆಚ್ಚಿಕೊಳ್ಳದ, ಪ್ರಶ್ನೆಯೊಂದೇ ಸ್ಪಷ್ಟವಾಗಿದ್ದ ಈ ಪ್ರಯೋಗವನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ವಿವರಿಸುತ್ತಿದ್ದೆ, ಮತ್ತು ಪ್ರತಿ ವರ್ಷವೂ ನನ್ನ ಗಂಟಲು ಕಟ್ಟುತ್ತಿತ್ತು. ಅವರಿಗೆ ಬದುಕಿದ್ದಾಗ ನಮ್ಮ ದೇಶದಲ್ಲಿ ಸಿಗಬೇಕಾದ ಮನ್ನಣೆ ಸಿಗಲಿಲ್ಲ. ಅವರು ತೀರಿಕೊಂಡದ್ದು 1985ರಲ್ಲಿ.

ಅವಳಿಗೆ ಬೇಕಾಗಿದ್ದ ಉತ್ತರ ಇದರ ಮುಂದಿದೆ. ಆ ವಿಷವನ್ನು ತಯಾರಿಸುವ ಜೀನ್ ಮೂಲತಃ ಕಾಲರಾ ಬ್ಯಾಕ್ಟೀರಿಯಾದ ಸ್ವಂತದ್ದಲ್ಲವೆಂದು, ಬ್ಯಾಕ್ಟೀರಿಯಾಕ್ಕೇ ಸೋಂಕು ತಗುಲಿಸುವ ವೈರಸ್ಸೊಂದು ಅದನ್ನು ಹೊತ್ತು ತರುತ್ತದೆಂದು 1996ರಲ್ಲಿ ವಾಲ್ಡರ್ ಮತ್ತು ಮೆಕಲಾನೋಸ್ ಎಂಬ ವಿಜ್ಞಾನಿಗಳು ತೋರಿಸಿಕೊಟ್ಟರು. ಗಂಟಲಮಾರಿಯ ಬ್ಯಾಕ್ಟೀರಿಯಾಕ್ಕೂ ಅದರ ವಿಷವನ್ನು ಕೊಡುವುದು ಇಂಥದೇ ಫೇಜ್, ಅಂದರೆ ಬ್ಯಾಕ್ಟೀರಿಯಾಕ್ಕೆ ತಗುಲುವ ವೈರಸ್, ಎಂಬುದು 1951ರಿಂದಲೇ ತಿಳಿದಿತ್ತು. ಹೀಗಿರುವಾಗ ಬ್ಯಾಕ್ಟೀರಿಯಾ ಬಲ್ಲವರು ಒಂದು ಕಡೆ, ವೈರಸ್ ಬಲ್ಲವರು ಇನ್ನೊಂದು ಕಡೆ ಎಂದು ನಾವು ಹಾಕಿಕೊಂಡಿರುವ ಬೇಲಿಗೆ ಅರ್ಥವೇನು? ಮಂಗನ ಕಾಯಿಲೆಯ ಕತೆಯೂ ಅಷ್ಟೇ. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬಿದ್ದಾಗ ಮೊದಲು ಹಳದಿ ಜ್ವರದ ಅನುಮಾನ ಬಂದಿತ್ತು. ಪುಣೆಯ ವೈರಸ್ ಕೇಂದ್ರದವರು ಪರೀಕ್ಷಿಸಿದಾಗ ದೊರೆತದ್ದು ರಷ್ಯಾದ ಕಾಡುಗಳಲ್ಲಿ ಉಣುಗುಗಳಿಂದ ಹರಡುವ ವೈರಸ್ಸಿನ ಹತ್ತಿರದ ಸಂಬಂಧಿ. ವಲಸೆ ಹಕ್ಕಿಗಳೇ ಉಣುಗು ತಂದವೇ ಎಂದು ತಿಳಿಯಲು ಸಲೀಂ ಅಲಿಯವರ ಬಳಗ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿತು. ಅಂಥ ರೋಗದ ಬೆನ್ನು ಹತ್ತುವವಳಿಗೆ ಒಂದೇ ವಿದ್ಯೆ ಸಾಕಾಗುವುದಿಲ್ಲ.

ಸುಮಾಳ ಮುಖ ಅರಳಿತು. ಆಮೇಲೆ ತಲೆ ತಗ್ಗಿಸಿ, “ಅಪ್ಪ ಒಪ್ಪುತ್ತಿಲ್ಲ, ಸರ್” ಎಂದಳು.

ಚನ್ನಗಿರಿಯ ಅಡಿಕೆ ತೋಟದ ಆ ಮನುಷ್ಯನನ್ನು ನಾನು ಬಲ್ಲೆ. ಮಗಳ ಓದಿಗೆ ಎಂದೂ ಅಡ್ಡ ಬಂದವರಲ್ಲ. ಅವರ ಅಂಜಿಕೆ ಒಂದೇ: ಆ ರೋಗ ಮಗಳಿಗೇ ತಗುಲಿದರೆ? ಇದನ್ನು ತಿಳಿಯದವರ ಭಯವೆಂದು ತಳ್ಳಿಹಾಕಲು ನನಗೆ ಸಾಧ್ಯವಿಲ್ಲ, ಏಕೆಂದರೆ ಮಂಗನ ಕಾಯಿಲೆಯ ವೈರಸ್ ಪ್ರಯೋಗಾಲಯದಲ್ಲಿ ಕೆಲಸ ಮಾಡುವವರಿಗೆ ಹಿಂದೆ ಅನೇಕ ಸಲ ಸೋಂಕು ತಗುಲಿಸಿದೆ. ಈಗ ಅದನ್ನು ಒಳಗಿನ ಗಾಳಿ ನೇರವಾಗಿ ಹೊರಹೋಗದಂತೆ ಕಟ್ಟಿದ ಪ್ರಯೋಗಾಲಯಗಳಲ್ಲಿ, ತರಬೇತಿ ಪಡೆದವರು ಮಾತ್ರ ಮುಟ್ಟುತ್ತಾರೆ. ಭಾನುವಾರ ಸುಮಾಳ ಅಪ್ಪ ನನ್ನ ಬಳಿ ಬರುತ್ತಾರಂತೆ. ಹಿಂದೆ ತಗುಲಿದ ಸೋಂಕು, ಈಗಿನ ಎಚ್ಚರಿಕೆ ಎರಡನ್ನೂ ಹೇಳಲೇಬೇಕು, ಅಪಾಯ ಪೂರ್ತಿ ಇಲ್ಲವೆಂದು ಮಾತ್ರ ಹೇಳಲಾರೆ. ಆದರೆ ಯಾವುದನ್ನು ಮೊದಲು ಹೇಳಿದರೆ ಅವರು ಇನ್ನೊಂದನ್ನೂ ಕೇಳಿಸಿಕೊಂಡಾರು ಎಂಬುದು ನನಗಿನ್ನೂ ತಿಳಿಯುತ್ತಿಲ್ಲ.