ಜೈಲಿನ ಖರ್ಚು ಯಾರ ಲೆಕ್ಕಕ್ಕೆ?

ನಾನು ಮುಂಬೈಯಲ್ಲಿ ಕ್ರಿಮಿನಲ್ ಕೇಸು ನಡೆಸುವ ವಕೀಲ. ಮಾಟುಂಗಾ ಕಡೆ ಕನ್ನಡದವರು ಸೇರಿದಾಗ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: "ಅಮೆರಿಕದಲ್ಲಿ ಜೈಲಿನ ಖರ್ಚಿಗೆ ಕೌಂಟಿ ಅಂದ್ರೆ ಅಲ್ಲಿನ ಜಿಲ್ಲೆಯವರೂ ರಾಜ್ಯದವರೂ ಕೋರ್ಟಿಗೆ ಹೋಗ್ತಾರಂತೆ. ನಮ್ಮ ಪಾಲಿಕೆ ಯಾಕೆ ಸುಮ್ನಿದೆ ವಕೀಲ್ರೇ? ಆರ್ಥರ್ ರೋಡ್ ಜೈಲು ಇರೋದು ಇಲ್ಲೇ ಅಲ್ವಾ?"

ಇರುವುದೇನೋ ಇಲ್ಲೇ. ಆದರೆ ಖರ್ಚು ಪಾಲಿಕೆಯದಲ್ಲ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಜೈಲು ರಾಜ್ಯ ಪಟ್ಟಿಗೆ ಸೇರಿದೆ. ನಗರಸಭೆಗಳಿಗೆ ವಹಿಸಬಹುದಾದ 18 ಕೆಲಸಗಳ ಪಟ್ಟಿಯಲ್ಲಿ ಅದರ ಸುದ್ದಿಯೇ ಇಲ್ಲ. ಸಿಬ್ಬಂದಿಯ ಸಂಬಳ, ಕೈದಿಗಳ ಊಟ, ಎಲ್ಲ ರಾಜ್ಯ ಗೃಹ ಇಲಾಖೆಯ ಲೆಕ್ಕ. ಜಗಳವಾಡಲು ಎದುರು ಪಕ್ಷವೇ ಇಲ್ಲ.

ಅಮೆರಿಕದಲ್ಲಿ ಹಾಗಲ್ಲ. ವಿಚಾರಣೆಗೆ ಕಾಯುವವರ ಜೈಲು ಹೆಚ್ಚಿನ ಕಡೆ ಕೌಂಟಿಯದು, ದೊಡ್ಡ ಶಿಕ್ಷೆಯಾದವರದ್ದು ರಾಜ್ಯದ್ದು. ವೆಸ್ಟ್ ವರ್ಜೀನಿಯಾದಲ್ಲಿ ಜೈಲು ನಡೆಸುವುದು ರಾಜ್ಯ, ಬಿಲ್ಲು ಬರುವುದು ಕೌಂಟಿಗೆ. ಹಲವು ವರ್ಷ ಅಲ್ಲಿ ಒಬ್ಬ ಕೈದಿಗೆ ದಿನಕ್ಕೆ 48.25 ಡಾಲರ್ ದರವಿತ್ತು. ಬಾಕಿ ಬೆಳೆದು ಕೋರ್ಟಿಗೂ ಹೋಯಿತು. ಕ್ಯಾಲಿಫೋರ್ನಿಯಾ 2011ರಲ್ಲಿ ಸಣ್ಣ ಅಪರಾಧದವರನ್ನು ನೋಡಿಕೊಳ್ಳುವ ಹೊಣೆಯನ್ನು ಕೌಂಟಿಗಳಿಗೆ ವಹಿಸಿತು. 2012ರಲ್ಲಿ ಜನರ ಮತ ಪಡೆದು, ಅದಕ್ಕೆ ಬೇಕಾದ ಹಣದ ಭರವಸೆಯನ್ನು ರಾಜ್ಯದ ಸಂವಿಧಾನದಲ್ಲೇ ಬರೆಸಿದರು.

ಆ ಜಗಳ ಚೆಂದದ್ದೇನಲ್ಲ. ಆದರೂ ಒಬ್ಬನನ್ನು ಒಂದು ದಿನ ಜಾಸ್ತಿ ಒಳಗಿಟ್ಟರೆ ಎಷ್ಟು ಖರ್ಚು ಅಂತ ಅಲ್ಲಿ ಯಾರೋ ಲೆಕ್ಕ ಕೇಳುತ್ತಾರೆ. ನನಗೆ ಅದೇ ಮುಖ್ಯ.

ಇಲ್ಲಿ ಕೋರ್ಟಿನಲ್ಲಿ ಹೆಸರು ಕೂಗುತ್ತಾರೆ. ಆರೋಪಿ ಬಂದಿಲ್ಲ. ಜೈಲಿನಿಂದ ಕರೆತರಲು ಎಸ್ಕಾರ್ಟ್ ಪೊಲೀಸರಿಲ್ಲ. ಮುಂದಿನ ತಾರೀಖು ಬೀಳುತ್ತದೆ. ಕಲಬುರಗಿ ಕಡೆಯಿಂದ ದುಡಿಯಲು ಬಂದ ತಾಯಿ ಬಾಗಿಲ ಹತ್ತಿರ ನಿಂತು, "ಇವತ್ತೂ ಕರಕೊಂಡು ಬಂದಿಲ್ಲೇನ್ರೀ ಸಾಹೇಬ್ರ?" ಅಂತಾರೆ. ಒಂದು ದಿನದ ಕೂಲಿಯೂ ಹೋಯಿತು. ಮುಂದಿನ ತಾರೀಖಿನವರೆಗೆ ಮಗನನ್ನು ಒಳಗಿಡುವ ಖರ್ಚಿನ ಬಿಲ್ಲು ಯಾರ ಮೇಜಿಗೂ ಬರುವುದಿಲ್ಲ. ದೇಶದ ಕೈದಿಗಳಲ್ಲಿ ನಾಲ್ವರಲ್ಲಿ ಮೂವರು ಹೀಗೆ ತೀರ್ಪಿಗೆ ಕಾಯುವವರೇ. ಸಾವಿರ ಜನಕ್ಕೂ ಜಾಗವಿಲ್ಲದ ಆರ್ಥರ್ ರೋಡ್ ಜೈಲಿನಲ್ಲಿ 3000ಕ್ಕೂ ಹೆಚ್ಚು ಮಂದಿಯನ್ನು ತುಂಬಿದ್ದಾರೆ.

ಹಾಗಾಗಿ ಕಾರ್ಪೊರೇಟರನ್ನು ಕೇಳಿ ಪ್ರಯೋಜನವಿಲ್ಲ. ರಾಜ್ಯದ ಬಜೆಟ್ ಹೊತ್ತಿಗೆ ಶಾಸಕರನ್ನು ಹಿಡಿದು ಕೇಳಿ: ಎಸ್ಕಾರ್ಟಿಗೆ ಎಷ್ಟು ಇಟ್ಟಿದ್ದೀರಿ? ನಿಮ್ಮ ಪರಿಚಯದವರು ಯಾರಾದರೂ ಜಾಮೀನು ಸಿಕ್ಕಿಯೂ ದುಡ್ಡಿಲ್ಲದೆ ಒಳಗಿದ್ದರೆ, ಬಡ ಕೈದಿಗಳಿಗಾಗಿ 2023ರಲ್ಲಿ ಬಂದ ಕೇಂದ್ರದ ಯೋಜನೆಯಲ್ಲಿ ನೆರವಿಗೆ ಅವಕಾಶವಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ.